ಅಡಿಟಿಪ್ಪಣಿ ಬರೆಸಿದವನು

1958ರಲ್ಲಿ ಬೀಜಿಂಗ್‌ನಲ್ಲಿ ಲೂ ಶುನ್‌ನ ಸಮಗ್ರ ಕೃತಿಗಳ ಆರನೆಯ ಸಂಪುಟ ಪ್ರಕಟವಾಯಿತು. ಅದರಲ್ಲಿ ಒಂದು ಬಹಿರಂಗ ಪತ್ರವಿದೆ. ಲೂ ಶುನ್ ತೀರಿಕೊಳ್ಳುವುದಕ್ಕೆ ಎರಡು ತಿಂಗಳು ಮೊದಲು, 1936ರ ಆಗಸ್ಟಿನಲ್ಲಿ, ಶು ಮಾವ್‌ಯೊಂಗ್ ಎಂಬ ಕಿರಿಯ ಲೇಖಕನಿಗೆ ಕೊಟ್ಟ ಉತ್ತರ ಅದು. ಸಂಪುಟದ ಸಂಪಾದಕರು ಆ ಪತ್ರಕ್ಕೊಂದು ಟಿಪ್ಪಣಿ ಹಾಕಿದರು. ಇದನ್ನು ಬರೆದವನು ಫೆಂಗ್ ಶುಯೆಫೆಂಗ್; ಲೂ ಶುನ್ ಆಗ ಕಾಯಿಲೆ ಬಿದ್ದಿದ್ದ, ಪತ್ರದಲ್ಲಿದ್ದುದನ್ನು ಪರಿಶೀಲಿಸುವ ಸ್ಥಿತಿಯಲ್ಲಿರಲಿಲ್ಲ; ಆದ್ದರಿಂದ ಕೆಲವರ ಬಗ್ಗೆ ಇಲ್ಲಿ ಬಂದಿರುವ ಮಾತು ನಿಜಕ್ಕೆ ಹೊಂದುವುದಿಲ್ಲ. ಟಿಪ್ಪಣಿಯ ಸಾರ ಇಷ್ಟು.

ಆ 'ಕೆಲವರಲ್ಲಿ' ಮುಖ್ಯನಾದವನು ಚೌ ಯಾಂಗ್. 1958ರ ಹೊತ್ತಿಗೆ ಅವನು ಚೀನೀ ಕಮ್ಯುನಿಸ್ಟ್ ಪಕ್ಷದ ಕೇಂದ್ರ ಪ್ರಚಾರ ವಿಭಾಗದ ಉಪನಿರ್ದೇಶಕ. ಸಾಹಿತ್ಯದ ಮಟ್ಟಿಗೆ ಮಾವೋನನ್ನು ಬಿಟ್ಟರೆ ಆ ದೇಶದಲ್ಲಿ ಅವನದೇ ಕೊನೆಯ ಮಾತು. ಇನ್ನು ಆ ಟಿಪ್ಪಣಿಯ ಕರಡನ್ನು ಬರೆಯಬೇಕಾಗಿ ಬಂದದ್ದು ಯಾರಿಗೆ ಅಂದರೆ, ಅದೇ ಫೆಂಗ್ ಶುಯೆಫೆಂಗ್‌ನಿಗೆ. ಲೂ ಶುನ್‌ನ ಕೊನೆಯ ವರ್ಷಗಳ ಆಪ್ತ ಅವನು. 1957ರಲ್ಲಿ ಅವನಿಗೆ 'ಬಲಪಂಥೀಯ' ಎಂಬ ಹಣೆಪಟ್ಟಿ ಕಟ್ಟಲಾಗಿತ್ತು.

ಪತ್ರದ ಹಸ್ತಪ್ರತಿ ಉಳಿದಿದೆ. ಕರಡು ಫೆಂಗ್‌ನದು ಎಂಬುದು ನಿಜ. ಆದರೆ ಲೂ ಶುನ್ ಅದನ್ನು ತಿದ್ದಿದ್ದಾನೆ, ಪುಟಗಟ್ಟಲೆ ತನ್ನ ಕೈಯಾರೆ ಸೇರಿಸಿದ್ದಾನೆ. ಚೌ ಯಾಂಗ್ ಮತ್ತವನ ಮೂವರು ಗೆಳೆಯರು ಸೂಟು ಹಾಕಿಕೊಂಡು ಕಾರಿನಿಂದ ಇಳಿದು ಬಂದು, ಹು ಫೆಂಗ್ ಎಂಬ ಲೇಖಕ ಗೂಢಚಾರ ಎಂದು ತನ್ನ ಕಿವಿಯೂದಿದ ಪ್ರಸಂಗವನ್ನು ಅವನು ಆ ಪತ್ರದಲ್ಲಿ ಹೇಳುತ್ತಾನೆ. ತಾನು ಅದನ್ನು ನಂಬಲಿಲ್ಲ ಎಂದೂ ಹೇಳುತ್ತಾನೆ. ಚುಚ್ಚುವ ಆ ಭಾಗ ಲೂ ಶುನ್‌ನ ಸ್ವಂತ ಕೈಬರಹದಲ್ಲೇ ಇದೆ. ಅಂದರೆ ಟಿಪ್ಪಣಿ ಅರ್ಧ ಸತ್ಯವನ್ನು ಹಿಡಿದುಕೊಂಡು ಪೂರ್ತಿ ಸುಳ್ಳು ಹೇಳುತ್ತಿತ್ತು. ಮೂಲ ಪಠ್ಯವನ್ನು ಯಾರೂ ಮುಟ್ಟಲಿಲ್ಲ, ಒಂದು ಅಕ್ಷರವನ್ನೂ ಅಳಿಸಲಿಲ್ಲ. ಪುಟದ ಬುಡದಲ್ಲಿ ನಾಲ್ಕು ಸಾಲು ಸೇರಿಸಿದರು, ಅಷ್ಟೇ.

ಚೌ ಯಾಂಗ್‌ನನ್ನು ನಾನು ಓದಿದ್ದು ಪೀಕಿಂಗಿನ ವಿದೇಶಿ ಭಾಷಾ ಪ್ರಕಾಶನ ಇಂಗ್ಲಿಷಿನಲ್ಲಿ ಹೊರತಂದ ಕಿರುಹೊತ್ತಿಗೆಗಳ ಮೂಲಕ. ಮಾವೋನ ಯೆನಾನ್ ಭಾಷಣಗಳ ಹೆಸರು ನಮ್ಮ ಎಡಪಂಥೀಯ ಚರ್ಚೆಗಳಲ್ಲಿ ಕೇಳಿಬಂದಿದೆ. ಆದರೆ ಆ ಭಾಷಣಗಳನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಜಾರಿಗೆ ತಂದವನ ಹೆಸರು ಅಷ್ಟಾಗಿ ಬಂದಿಲ್ಲ. ಅವನ ವಿಷಯ ಬರೆಯುವವರು ಸಾಮಾನ್ಯವಾಗಿ ಅವನನ್ನು ಅಧಿಕಾರಿಯಾಗಿ ನೋಡುತ್ತಾರೆ. ನನಗೆ ಅವನು ವಿಮರ್ಶಕನಾಗಿ ಮುಖ್ಯ. ಒಳ್ಳೆಯ ಓದುಗನೊಬ್ಬ ಹೇಗೆ ಓದುವುದನ್ನು ಬಿಟ್ಟ, ಮತ್ತೆ ಯಾವಾಗ ಓದಲು ಶುರುಮಾಡಿದ ಎಂಬುದು ಈ ವೃತ್ತಿಜೀವನದ ನಿಜವಾದ ಕಥೆ ಅಂತ ನನ್ನ ಭಾವನೆ.

ಒಳ್ಳೆಯ ಓದುಗ ಎಂದದ್ದು ಉಪಚಾರಕ್ಕಲ್ಲ. ಹುನಾನ್ ಪ್ರಾಂತ್ಯದ ಯಿಯಾಂಗ್‌ನ ಈ ಹುಡುಗ 1927ರಲ್ಲಿ ಪಕ್ಷ ಸೇರಿದ. ಆಮೇಲೆ ಕೆಲಕಾಲ ಜಪಾನಿನಲ್ಲಿದ್ದು ಶಾಂಘೈಗೆ ಮರಳಿದ. ಟಾಲ್‌ಸ್ಟಾಯ್‌ನ 'ಆನಾ ಕರೆನಿನಾ'ವನ್ನು ಇಂಗ್ಲಿಷಿನಿಂದ ಚೀನೀ ಭಾಷೆಗೆ ತಂದವನು ಅವನು. ಚೆರ್ನಿಶೆವ್‌ಸ್ಕಿಯ ಸೌಂದರ್ಯಶಾಸ್ತ್ರವನ್ನು ಅನುವಾದಿಸಿದ. 1933ರಲ್ಲಿ, ಸಮಾಜವಾದಿ ವಾಸ್ತವವಾದ ಎಂಬ ಮಾತು ಸೋವಿಯತ್ ದೇಶದಲ್ಲಿ ಇನ್ನೂ ಹಸಿಯಾಗಿದ್ದಾಗಲೇ ಅದನ್ನು ಚೀನೀ ಓದುಗರಿಗೆ ಪರಿಚಯಿಸಿದ. ಆನಾಳ ಒಳಗಿನ ತಳಮಳವನ್ನು ಸಾಲುಸಾಲಾಗಿ ಇನ್ನೊಂದು ಭಾಷೆಗೆ ದಾಟಿಸಿದವನಿಗೆ ಮನುಷ್ಯರು ವರ್ಗಗಳ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ ಎಂಬುದು ತಿಳಿದಿರಲಿಲ್ಲ ಎಂದರೆ ನಾನು ನಂಬಲಾರೆ.

1936ರ ಜಗಳ ಒಂದು ಘೋಷಣೆಯ ಬಗ್ಗೆ. ಜಪಾನ್ ವಿರುದ್ಧ ಎಲ್ಲರನ್ನೂ ಒಗ್ಗೂಡಿಸಲು ಚೌ ಯಾಂಗ್‌ನ ಬಣ 'ರಾಷ್ಟ್ರರಕ್ಷಣೆಯ ಸಾಹಿತ್ಯ' ಎಂದಿತು. ಲೂ ಶುನ್, ಹು ಫೆಂಗ್, ಫೆಂಗ್ ಇವರು ಅದಕ್ಕೆದುರಾಗಿ ಜನಸಾಮಾನ್ಯರ ಕ್ರಾಂತಿಯುದ್ಧದ ಸಾಹಿತ್ಯ ಎಂಬರ್ಥದ ಉದ್ದನೆಯ ಘೋಷಣೆ ಮುಂದಿಟ್ಟರು. ಇಂದು ಓದಿದರೆ ಎರಡರ ನಡುವೆ ಅಂಥ ಅಂತರವೇನೂ ಕಾಣುವುದಿಲ್ಲ. ಜಗಳದ ಕಸುವು ಬೇರೆ ಕಡೆ ಇತ್ತು. ಪಕ್ಷದ ಹೆಸರಲ್ಲಿ ಮಾತಾಡುವ ಇಪ್ಪತ್ತೆಂಟರ ಆಸುಪಾಸಿನ ತರುಣನೊಬ್ಬ ಲೂ ಶುನ್‌ನಂಥ ಲೇಖಕನಿಗೆ ಮೇಲಿನಿಂದ ಅಪ್ಪಣೆ ಕೊಡಬಹುದೇ ಎಂಬುದೇ ಪ್ರಶ್ನೆ. ಲೂ ಶುನ್ ಆ ಪತ್ರದಲ್ಲಿ ಉತ್ತರ ಕೊಟ್ಟು, ಅಕ್ಟೋಬರಿನಲ್ಲಿ ತೀರಿಕೊಂಡ. ಮರುವರ್ಷ ಚೌ ಯಾಂಗ್ ಯೆನಾನ್‌ಗೆ ಹೋದ. ಅಲ್ಲಿ ಅವನ ಕೈಗೆ ಬಂದ ದೊಡ್ಡ ಹೊಣೆ, ಲೂ ಶುನ್‌ನ ಹೆಸರಿಟ್ಟ ಕಲಾ ಅಕಾಡೆಮಿ! ತನ್ನನ್ನು ಬೈದು ಸತ್ತವನ ಹೆಸರಿನ ಫಲಕದ ಕೆಳಗೆ ಕೂತು ಅವನು ಪಾಠ ಮಾಡಿಸಿದ.

ಯೆನಾನ್ ಕಾಲದ ಅವನ ಒಂದು ಬರಹ ನನಗೆ ವಿಶೇಷವಾಗಿ ಮುಖ್ಯವೆನಿಸುತ್ತದೆ. ಉತ್ತರ ಚೀನಾದ ಹಳ್ಳಿಗಳಲ್ಲಿ ಹೊಸವರ್ಷದ ಹೊತ್ತಿಗೆ ಆಡುವ ಯಾಂಗ್‌ಗ ಎಂಬ ಕುಣಿತದಾಟವಿದೆ. 1942ರ ಮೇ ತಿಂಗಳ ಯೆನಾನ್ ಗೋಷ್ಠಿಯಲ್ಲಿ, ಕಲೆ ಕಾರ್ಮಿಕ-ರೈತ-ಸೈನಿಕರಿಗಾಗಿ ಇರಬೇಕೆಂದು ಮಾವೋ ಹೇಳಿದ ಮೇಲೆ ಅಕಾಡೆಮಿಯ ತರುಣರು ಈ ಆಟವನ್ನು ಕೈಗೆತ್ತಿಕೊಂಡರು. 1944ರಲ್ಲಿ ಚೌ ಯಾಂಗ್ ಇದರ ಬಗ್ಗೆ ಬರೆದ ಲೇಖನದಲ್ಲಿ ಒಬ್ಬ ನಿಜವಾದ ವಿಮರ್ಶಕ ಕಾಣುತ್ತಾನೆ. ಹಳೆಯ ಯಾಂಗ್‌ಗದ ಜೀವಾಳವೇ ಪ್ರೇಮ, ಚೆಲ್ಲಾಟ ಎಂದು ಅವನು ಸರಿಯಾಗಿ ಗುರುತಿಸುತ್ತಾನೆ. ಮರುಗಳಿಗೆಯಲ್ಲೇ ಅವನ ಒಳಗಿನ ಅಧಿಕಾರಿ ಎದ್ದು ಕೂರುತ್ತಾನೆ: ಹೊಸ ಹಳ್ಳಿಯಲ್ಲಿ ಪ್ರೇಮ ಹಿಂದೆ ಸರಿದಿದೆ, ಅದಕ್ಕಿಂತ ಎಷ್ಟೋ ಪಾಲು ದೊಡ್ಡ ವಸ್ತುಗಳು ಬಂದಿವೆ ಎಂದು ತೀರ್ಪು ಕೊಡುತ್ತಾನೆ. ಆ ಕಾಲದ ಹೆಸರಾದ ಒಂದು ಯಾಂಗ್‌ಗ ಆಟದಲ್ಲಿ ಬಂಜರು ಭೂಮಿಯನ್ನು ಹಸನು ಮಾಡುವ ಜೋಡಿ ಅಣ್ಣತಂಗಿ. ಗಂಡಹೆಂಡತಿಯಾದರೆ ಚೆಲ್ಲಾಟ ನುಸುಳೀತು ಎಂಬ ಆತಂಕ!

ಆಳಂದ-ಅಫಜಲಪುರದ ಸೀಮೆಯಲ್ಲಿ ಬೆಳೆದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಮ್ಮ ಭೂಸನೂರಿನಂಥ ಊರುಗಳ ಕಡೆ ಅಲಾಯಿ ಹಬ್ಬದ ರಿವಾಯತ್ ಪದಗಳಿವೆ, ಬಯಲಾಟವಿದೆ. ಕರ್ಬಲಾದ ಶೋಕದ ಹಾಡಿನ ಬೆನ್ನಿಗೇ ಸವಾಲ್-ಜವಾಬಿನ ಕುಚೋದ್ಯ ಬರುತ್ತದೆ, ರಾಜನ ಪ್ರವೇಶಕ್ಕೆ ಮೊದಲು ಸಾರಥಿಯ ಪೋಲಿ ಮಾತು ಬರುತ್ತದೆ. ಆ ಪೋಲಿ ಮಾತು ಆಟಕ್ಕೆ ಮೆತ್ತಿದ ಕೊಳೆಯಲ್ಲ. ದುಡಿದ ಮೈಗೆ ಅದೇ ಉಸಿರು. ಅದನ್ನು ತೊಳೆದು 'ಶುದ್ಧ ಜಾನಪದ' ಮಾಡುವ ಕೆಲಸ ಕಮ್ಯುನಿಸ್ಟರಷ್ಟೇ ಮಾಡಿದ್ದಲ್ಲ. ನಮ್ಮಲ್ಲಿ ಶಾಲೆಯ ವಾರ್ಷಿಕೋತ್ಸವದ ವೇದಿಕೆಯೂ ಮಾಡುತ್ತದೆ. ಆದರೆ ಜನರ ಕಲೆ ಜನರಿಗೆ ಎಂದು ಹೇಳುತ್ತಲೇ, ಜನ ನಗುವ ಜಾಗವನ್ನು ಕತ್ತರಿಸುವಾಗ ಚೌ ಯಾಂಗ್‌ನಿಗೆ ತಾನು ಏನು ಕತ್ತರಿಸುತ್ತಿದ್ದೇನೆ ಎಂಬುದು ಗೊತ್ತಿತ್ತು. ಅವನ ಲೇಖನವೇ ಅದಕ್ಕೆ ಸಾಕ್ಷಿ.

ಎಲ್ಲ ಪ್ರಚಾರ ಸಾಹಿತ್ಯವೂ ಒಣಕಲು ಎಂದು ಇದರಿಂದ ಯಾರೂ ತೀರ್ಮಾನಿಸಬೇಕಿಲ್ಲ. ಅದೇ ಅಕಾಡೆಮಿಯಲ್ಲಿ ಹುಟ್ಟಿ 1945ರಲ್ಲಿ ರಂಗಕ್ಕೆ ಬಂದ 'ಬಿಳಿಗೂದಲ ಹುಡುಗಿ' ಎಂಬ ಗೀತನಾಟಕ ಊರೂರು ಸುತ್ತಿ ಜನರನ್ನು ಅಳಿಸಿತು. ಜಮೀನ್ದಾರನ ಕಾಟಕ್ಕೆ ಬೆಟ್ಟ ಸೇರಿ ಕೂದಲು ಬೆಳ್ಳಗಾದ ಹುಡುಗಿಯ ಕಥೆ ಅದು. ನಮ್ಮಲ್ಲೇ ನೋಡಿ. ನಿರಂಜನರ 'ಚಿರಸ್ಮರಣೆ' ಕಾಸರಗೋಡಿನ ಕಯ್ಯೂರಿನ ರೈತ ಹೋರಾಟದ ಕಾದಂಬರಿ. 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿದ ನಾಲ್ವರ ಪರವಾಗಿ ಅದು ನಿಂತಿದೆ, ಮುಚ್ಚುಮರೆಯಿಲ್ಲದೆ ನಿಂತಿದೆ. 1955ರಲ್ಲಿ ಬಂದ ಆ ಪುಸ್ತಕವನ್ನು ಪ್ರಚಾರ ಎನ್ನುವವರು ಅನ್ನಲಿ. ಆದರೆ ಅದರಲ್ಲಿ ಒಲವಿದೆ, ಭಯವಿದೆ, ಅನುಮಾನವಿದೆ. ನಿರಂಜನರಿಗೆ ಒಂದು ಪಕ್ಷವಿತ್ತು. ಅವರ ಕೈಯಲ್ಲಿ ಬೇರೆ ಲೇಖಕರ ಕೊರಳಿರಲಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಬದ್ಧ ಲೇಖಕನನ್ನೂ ಪ್ರಚಾರ ಇಲಾಖೆಯ ಅಧಿಕಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಭ್ಯಾಸ ನಮ್ಮ ನವ್ಯ ವಿಮರ್ಶೆಯಲ್ಲಿ ಕೆಲವೊಮ್ಮೆ ಕಾಣುತ್ತದೆ. ನನಗದು ಒಪ್ಪಿಗೆಯಾಗಿಲ್ಲ.

'ಚಿರಸ್ಮರಣೆ' ಬಂದ ವರ್ಷವೇ ಚೀನಾದಲ್ಲಿ ಹು ಫೆಂಗ್‌ನ ಬಂಧನವಾಯಿತು. ಲೂ ಶುನ್ ನಂಬಲು ನಿರಾಕರಿಸಿದ ಚಾಡಿ ಹತ್ತೊಂಬತ್ತು ವರ್ಷಗಳ ನಂತರ ಸರಕಾರಿ ಆರೋಪಪಟ್ಟಿಯಾಗಿತ್ತು. ಹಿಂದಿನ ವರ್ಷ ಹು ಫೆಂಗ್ ಪಕ್ಷದ ಕೇಂದ್ರ ಸಮಿತಿಗೆ ಸುಮಾರು ಮೂರು ಲಕ್ಷ ಅಕ್ಷರಗಳ ವರದಿಯೊಂದನ್ನು ಸಲ್ಲಿಸಿದ್ದ. ಲೇಖಕರ ಮತ್ತು ಓದುಗರ ನೆತ್ತಿಯ ಮೇಲೆ ಐದು ಚೂರಿಗಳು ತೂಗುತ್ತಿವೆ ಎಂದು ಅದರಲ್ಲಿ ಹೇಳಿದ್ದ. ಮೊದಲು ಸರಿಯಾದ ವಿಶ್ವದೃಷ್ಟಿ, ಆಮೇಲೆ ಬರವಣಿಗೆ ಎಂಬುದೊಂದು ಚೂರಿ. ಕಾರ್ಮಿಕ-ರೈತ-ಸೈನಿಕರ ಬದುಕು ಮಾತ್ರ ಬದುಕು ಎಂಬುದು ಇನ್ನೊಂದು. ಕೃತಿಯ ಬೆಲೆಯನ್ನು ಅದರ ವಸ್ತುವೇ ನಿರ್ಧರಿಸುತ್ತದೆ ಎಂಬುದು ಮತ್ತೊಂದು. ನಮ್ಮ ಎಂ.ಎ. ತರಗತಿಗಳಲ್ಲಿ ಈ ಕೊನೆಯ ಚೂರಿ ಇಂದಿಗೂ ಚೆನ್ನಾಗಿ ಹರಿತವಾಗಿದೆ.

ಆ ವರದಿಗೆ ಸಿಕ್ಕ ಉತ್ತರ ಸಾಹಿತ್ಯದ ಭಾಷೆಯಲ್ಲಿರಲಿಲ್ಲ. ಹು ಫೆಂಗ್ ಗೆಳೆಯರಿಗೆ ಬರೆದ ಖಾಸಗಿ ಪತ್ರಗಳ ತುಣುಕುಗಳನ್ನು ಪಕ್ಷದ ದಿನಪತ್ರಿಕೆ ಕಂತುಕಂತಾಗಿ ಅಚ್ಚು ಮಾಡಿತು. ಟಿಪ್ಪಣಿಗಳನ್ನು ಬರೆದವನು ಸ್ವತಃ ಮಾವೋ. ಮತ್ತೆ ಟಿಪ್ಪಣಿ! ಈ ಪ್ರಕರಣದಲ್ಲಿ ಸಿಕ್ಕಿಬಿದ್ದವರು ಎರಡು ಸಾವಿರಕ್ಕೂ ಹೆಚ್ಚು ಮಂದಿ. ಹು ಫೆಂಗ್ ಪೂರ್ತಿ ಹೊರಬಂದದ್ದು 1979ರಲ್ಲಿ. ಈ ನಿರ್ಧಾರವೆಲ್ಲ ಚೌ ಯಾಂಗ್‌ನದೇ ಎಂದರೆ ತಪ್ಪಾಗುತ್ತದೆ, ಮಾವೋನ ಕೈ ಇಲ್ಲಿ ಸ್ಪಷ್ಟವಿದೆ. ಆದರೆ ಒಂದು ಮಾತು: ವರದಿಯನ್ನು ಓದಿ ಅರ್ಥ ಮಾಡಿಕೊಳ್ಳುವ ಶಕ್ತಿ ಆ ಇಡೀ ಆಡಳಿತದಲ್ಲಿ ಯಾರಿಗಾದರೂ ಇದ್ದಿದ್ದರೆ ಅದು ಚೌ ಯಾಂಗ್‌ನಿಗೆ.

1957ರಲ್ಲಿ ಡಿಂಗ್ ಲಿಂಗ್‌ಳ ಸರದಿ. ಸ್ಟಾಲಿನ್ ಪ್ರಶಸ್ತಿ ಪಡೆದ ಕಾದಂಬರಿಕಾರ್ತಿ. 1942ರಲ್ಲೇ ಯೆನಾನ್‌ನ ಹೆಂಗಸರ ಸ್ಥಿತಿಯ ಬಗ್ಗೆ ಬರೆದು ಬೈಸಿಕೊಂಡಿದ್ದವಳು. ಅವಳನ್ನು ಈಶಾನ್ಯದ ಚಳಿನಾಡಿಗೆ ಕಳಿಸಲಾಯಿತು. ಈ ಕಾರ್ಯಾಚರಣೆಯ ಸಮಾರೋಪವಾಗಿ 1958ರಲ್ಲಿ ಚೌ ಯಾಂಗ್ ಬರೆದ 'ಸಾಹಿತ್ಯರಂಗದಲ್ಲೊಂದು ಮಹಾಚರ್ಚೆ' ಎಂಬ ಲೇಖನವನ್ನು ಮಾವೋ ತಿದ್ದಿಕೊಟ್ಟಿದ್ದ. ಇಂಗ್ಲಿಷ್ ಅನುವಾದದಲ್ಲೂ ಅದರ ಧಾಟಿ ಕಿವಿಗೆ ಬೀಳುತ್ತದೆ. ಅಲ್ಲಿ ಕೃತಿಗಳ ವಿವರ ಕಡಿಮೆ. ಲೇಖಕನ ಹಳೆಯ ವಾಕ್ಯವೊಂದನ್ನು ಎತ್ತಿಕೊಳ್ಳುವುದು, ಅದರ ವರ್ಗಮೂಲ ಹೇಳುವುದು, ಆ ಮೂಲದಿಂದ ಲೇಖಕನ ಇಡೀ ಬದುಕನ್ನು ವಿವರಿಸುವುದು, ಕೊನೆಗೆ ಹೆಸರಿಡುವುದು. ಚರ್ಚೆ ಎಂಬ ಶಬ್ದ ಶೀರ್ಷಿಕೆಯಲ್ಲಿದೆ, ಎದುರಾಳಿಯ ದನಿ ಮಾತ್ರ ಎಲ್ಲೂ ಇಲ್ಲ. ಆನಾಳನ್ನು ಅನುವಾದಿಸಿದ ಕೈ ಇದು ಎಂದು ನಂಬುವುದು ಕಷ್ಟ.

1961-62ರ ಹೊತ್ತಿಗೆ, ಮುನ್ನೆಗೆತದ ಬರಗಾಲದ ನಂತರ, ಅವನು ಸ್ವಲ್ಪ ಸಡಿಲಗೊಂಡ. ವಿಶ್ವವಿದ್ಯಾಲಯಗಳಿಗೆ ಗಟ್ಟಿಯಾದ ಪಠ್ಯಪುಸ್ತಕಗಳನ್ನು ಸಿದ್ಧಪಡಿಸುವ ಕೆಲಸ ಹಿಡಿದ. ಸಾಹಿತ್ಯ ಎಲ್ಲ ಜನರಿಗೂ ಸೇರಿದ್ದು ಎಂಬ ಅಗಲವಾದ ಮಾತು ಅವನ ನೇತೃತ್ವದಲ್ಲಿ ಹೊರಬಂತು. ಈ ಸಡಿಲಿಕೆಯೇ ಅವನಿಗೆ ಮುಳುವಾಯಿತು. 1966ರಲ್ಲಿ ಮಾವೋ ಪ್ರಚಾರ ವಿಭಾಗವನ್ನು ಯಮನ ಅರಮನೆ ಎಂದು ಕರೆದು, ಯಮನನ್ನು ಉರುಳಿಸಿ ಕಿರುದೆವ್ವಗಳನ್ನು ಬಿಡಿಸಬೇಕೆಂದ. ಶ್ವಾಸಕೋಶದ ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿದ್ದ ಚೌ ಯಾಂಗ್ ಬೀದಿಯ ಶತ್ರುವಾದ.

ಆ ವರ್ಷ ಪಕ್ಷದ ಸಿದ್ಧಾಂತ ಪತ್ರಿಕೆ 'ಕೆಂಬಾವುಟ' 1958ರ ಆ ಅಡಿಟಿಪ್ಪಣಿಯೊಂದರ ಮೇಲೇ ಇಡೀ ಲೇಖನ ಪ್ರಕಟಿಸಿತು. ಟಿಪ್ಪಣಿಯನ್ನು ಅದು ಮರೆಯಿಂದ ಬಿಟ್ಟ ಬಾಣ ಎಂದಿತು. 1967ರ ಜನವರಿಯಲ್ಲಿ ಯಾವೊ ವೆನ್‌ಯುವಾನ್ 'ಪ್ರತಿಕ್ರಾಂತಿಕಾರಿ ಎರಡು ನಾಲಗೆಯವ' ಎಂದು ಚೌ ಯಾಂಗ್‌ನ ಮೇಲೆ ಉದ್ದನೆಯ ಲೇಖನ ಬರೆದ. ಇದೂ ಇಂಗ್ಲಿಷಿನಲ್ಲಿ ಕಿರುಹೊತ್ತಿಗೆಯಾಗಿ ಬಂದಿದೆ. ವಿದ್ಯಾರ್ಥಿಗಳು ಈ ಎರಡು ಹೊತ್ತಿಗೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಬೇಕು. ಅದೇ ವಿಧಾನ, ಅದೇ ಮೆಟ್ಟಿಲುಗಳು: ಹಳೆಯ ವಾಕ್ಯ, ವರ್ಗಮೂಲ, ಇಡೀ ಬದುಕು, ಹೆಸರು. ಚೌ ಯಾಂಗ್ ಅಚ್ಚುಕಟ್ಟಾಗಿ ರೂಪಿಸಿದ್ದ ಗದ್ಯ ಈಗ ಅವನ ಮೇಲೇ ನಡೆಯಿತು. ಲೂ ಶುನ್‌ನ ಗೇಲಿಗೂ ಇದೇ ಗತಿ. ಕಾರಿನಿಂದಿಳಿದ ನಾಲ್ವರು ಎಂಬ ಅವನ ವ್ಯಂಗ್ಯಚಿತ್ರ ಪೊಲೀಸು ಆರೋಪವಾಯಿತು. ಆ ನಾಲ್ವರಲ್ಲೊಬ್ಬನಾದ ನಾಟಕಕಾರ ತಿಯಾನ್ ಹಾನ್ 1968ರಲ್ಲಿ ಬಂಧನದಲ್ಲೇ ಸತ್ತ. ಲೂ ಶುನ್ ಬದುಕಿದ್ದರೆ ತನ್ನ ವ್ಯಂಗ್ಯ ಹೀಗೆ ಬಳಕೆಯಾಗುವುದನ್ನು ಕಂಡು ಏನೆನ್ನುತ್ತಿದ್ದ ಎಂದು ಊಹಿಸುತ್ತಾ ಕೂರುವುದರಿಂದ ಪ್ರಯೋಜನವಿಲ್ಲ. ಬದುಕಿದ್ದರೆ ಅವನೂ ಒಳಗಿರುತ್ತಿದ್ದ.

ಒಂಬತ್ತು ವರ್ಷದ ಸೆರೆವಾಸ ಮುಗಿಸಿ 1975ರಲ್ಲಿ ಚೌ ಯಾಂಗ್ ಹೊರಬಂದ. ಬಂದವನು ಕ್ಯಾನ್ಸರಿನಿಂದ ಸಾಯುತ್ತಿದ್ದ ಫೆಂಗ್ ಶುಯೆಫೆಂಗ್‌ನನ್ನು ನೋಡಲು ಹೋದ. ಆ ಭೇಟಿಯ ನಂತರ ಫೆಂಗ್ ಒಂದು ಪುಟ್ಟ ನೀತಿಕಥೆ ಬರೆದ. ಎರಡು ಬಂಗಾರದ ಕಾಡುಕೋಳಿಗಳು ಎದುರಾಗಿ, ತಂತಮ್ಮ ಚೆಂದದ ಗರಿ ಕಿತ್ತು ಒಂದಕ್ಕೊಂದು ಕೊಡುತ್ತವೆ. ಅದನ್ನು ಕಂಡು ಗುಬ್ಬಿ ಕೊಂಕಾಡುತ್ತದೆ. 1976ರ ಜನವರಿಯಲ್ಲಿ ಫೆಂಗ್ ತೀರಿಕೊಂಡ. ತನ್ನ ಗೆಳೆಯನ ಪತ್ರಕ್ಕೆ ಸುಳ್ಳು ಟಿಪ್ಪಣಿಯ ಕರಡು ಬರೆಯಬೇಕಾಗಿ ಬಂದವನು, ಕೊನೆಗೆ ಅದನ್ನು ಬರೆಸಿದವರಿಗಾಗಿ ಬರೆದದ್ದು ಈ ಕಥೆ. ಕ್ಷಮೆ ಎಂಬ ಶಬ್ದ ಅದರಲ್ಲಿ ಬೇಕಾಗಿಲ್ಲ.

1979ರ ಕೊನೆಯಲ್ಲಿ ಲೇಖಕರ ಮತ್ತು ಕಲಾವಿದರ ನಾಲ್ಕನೆಯ ಮಹಾಧಿವೇಶನ ನಡೆಯಿತು. ಅಲ್ಲಿ ಚೌ ಯಾಂಗ್ ತಾನು ನೋಯಿಸಿದವರ ಕ್ಷಮೆ ಕೇಳಿದ. ಕಣ್ಣೀರು ಹಾಕಿದ. ಕೆಲವರು ಒಪ್ಪಿಕೊಂಡರು. ಡಿಂಗ್ ಲಿಂಗ್ ಒಪ್ಪಲಿಲ್ಲ, ಅದು ಅವಳ ಹಕ್ಕು. ನಮಗೆ 1979 ಬೇರೆ ಕಾರಣಕ್ಕೆ ನೆನಪಿರುವ ವರ್ಷ. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು ಆ ವರ್ಷ, ಸಮುದಾಯದ ಜಾಥಾ ಹಳ್ಳಿಹಳ್ಳಿಗೆ ಹೋದದ್ದೂ ಆ ವರ್ಷ. ಯೆನಾನ್‌ನ ಪ್ರಶ್ನೆಗಳನ್ನು ನಾವು ಹುರುಪಿನಿಂದ ಎತ್ತಿಕೊಳ್ಳುತ್ತಿದ್ದಾಗ, ಯೆನಾನ್‌ನ ಉತ್ತರಗಳನ್ನು ಜಾರಿಗೆ ತಂದವನು ಬೀಜಿಂಗ್‌ನಲ್ಲಿ ಅಳುತ್ತಿದ್ದ. ಇದನ್ನು ಬಂಡಾಯವನ್ನು ಹಳಿಯಲು ಹೇಳುತ್ತಿಲ್ಲ. ನಮ್ಮ ಪ್ರಶ್ನೆಗಳಿಗೆ ನಮ್ಮದೇ ಕಾರಣಗಳಿದ್ದವು. ಜಾತಿಯ ಕಾರಣವೊಂದೇ ಸಾಕು. ಬಂಡಾಯದ ವಕ್ತಾರರಾಗಿದ್ದ ಡಿ.ಆರ್. ನಾಗರಾಜ್ ಮುಂದೆ 'ಶಕ್ತಿ ಶಾರದೆಯ ಮೇಳ' ಬರೆದು ಬೇಂದ್ರೆಯವರ ಲೋಕದೊಳಗೆ ಹೊಕ್ಕರು. ಮನಸ್ಸು ಬದಲಿಸಲು ಅವರು ಯಾವ ಅಧಿವೇಶನದಲ್ಲೂ ಅಳಬೇಕಾಗಿ ಬರಲಿಲ್ಲ, ಅವರು ಮೊದಲು ಬರೆದದ್ದರಿಂದ ಯಾರೂ ಜೈಲು ಸೇರಿರಲಿಲ್ಲ. ವಿಮರ್ಶಕನಿಗೆ ಕುರ್ಚಿ ಸಿಗದಿರುವುದು ಎಷ್ಟು ದೊಡ್ಡ ಭಾಗ್ಯ ಎಂಬುದು ಚೀನಾದ ಕಥೆ ಓದಿದಾಗ ಗೊತ್ತಾಗುತ್ತದೆ.

1981ರಲ್ಲಿ ಲೂ ಶುನ್‌ನ ಶತಮಾನೋತ್ಸವಕ್ಕೆ ಸಮಗ್ರ ಕೃತಿಗಳ ಹೊಸ ಆವೃತ್ತಿ ಬಂತು. ಟಿಪ್ಪಣಿ ಬದಲಾಗಿತ್ತು. ಲೂ ಶುನ್‌ನ ಅಭಿಪ್ರಾಯದಂತೆ ಫೆಂಗ್ ಕರಡು ಬರೆದ, ಲೂ ಶುನ್ ಅದಕ್ಕೆ ಸೇರಿಸಿ ತಿದ್ದಿದ ಎಂದು ಈಗ ಇದೆ.

ನನ್ನ ಲೆಕ್ಕದಲ್ಲಿ ಚೌ ಯಾಂಗ್‌ನ ಅತ್ಯುತ್ತಮ ವಿಮರ್ಶೆ ಸಾಹಿತ್ಯದ ಮೇಲಿನದಲ್ಲ. ಮಾರ್ಕ್ಸ್ ತೀರಿಕೊಂಡು ನೂರು ವರ್ಷವಾದ ನೆನಪಿಗೆ 1983ರ ಮಾರ್ಚ್ 7ರಂದು ಪಕ್ಷದ ಕೇಂದ್ರ ಶಾಲೆಯಲ್ಲಿ ಮಾಡಿದ ಭಾಷಣ ಅದು. ಮೈಯಲ್ಲಿ ಶಕ್ತಿ ಇರಲಿಲ್ಲ. ಆರಂಭವನ್ನಷ್ಟೇ ತಾನು ಓದಿ, ಉಳಿದದ್ದನ್ನು ಬೇರೆಯವರಿಂದ ಓದಿಸಿದ. ಮನುಷ್ಯ ತಾನೇ ಕಟ್ಟಿದ್ದು ತನ್ನ ಮೇಲೆ ಸವಾರಿ ಮಾಡುವ ಸ್ಥಿತಿಯನ್ನು ಮಾರ್ಕ್ಸ್ ಪರಕೀಯತೆ ಎಂದು ಕರೆದಿದ್ದ. ಅದು ಬಂಡವಾಳಶಾಹಿಯಲ್ಲಿ ಮಾತ್ರವಲ್ಲ, ಸಮಾಜವಾದಿ ದೇಶದಲ್ಲೂ ಇದೆ ಎಂದು ಚೌ ಯಾಂಗ್ ಹೇಳಿದ. ಅರಿವಿಲ್ಲದೆ ಮಾಡಿದ ಆರ್ಥಿಕ ಹುಚ್ಚಾಟಗಳಲ್ಲಿ ಅದು ಇದೆ. ಜನರ ಸೇವಕರು ಜನರ ಒಡೆಯರಾಗುವುದರಲ್ಲಿ ಇದೆ. ವ್ಯಕ್ತಿಪೂಜೆಯಲ್ಲಿ ಇದೆ. ಪುಸ್ತಕದಲ್ಲಿ ಓದಿದ ಪರಿಕಲ್ಪನೆಯೊಂದನ್ನು ಅವನು ಮೊದಲ ಬಾರಿಗೆ ಇನ್ನೊಬ್ಬರಿಗೆ ಹೆಸರಿಡಲು ಬಳಸದೆ ತಾನು ಕಟ್ಟಿದ ಮನೆಯನ್ನು ನೋಡಲು ಬಳಸಿದ. ಭಾಷಣದ ಕರಡಿಗೆ ಕೈಜೋಡಿಸಿದವರಲ್ಲಿ ವಾಂಗ್ ಯುವಾನ್‌ಹುವಾ ಇದ್ದ, 1955ರಲ್ಲಿ ಹು ಫೆಂಗ್ ಪ್ರಕರಣದಲ್ಲಿ ಸಿಕ್ಕಿಬಿದ್ದವನು.

ಮಾರ್ಚ್ 16ರಂದು ಅದು ಪಕ್ಷದ ದಿನಪತ್ರಿಕೆಯಲ್ಲಿ ಅಚ್ಚಾಯಿತು. ಮೇಲಿನವರಿಗೆ ಸೇರಲಿಲ್ಲ. ಅಕ್ಟೋಬರಿನಲ್ಲಿ ಡೆಂಗ್ ಶಿಯಾವೊಪಿಂಗ್ 'ಆತ್ಮಿಕ ಮಾಲಿನ್ಯ'ದ ವಿರುದ್ಧ ಮಾತಾಡಿದ. ನವೆಂಬರಿನಲ್ಲಿ ಚೌ ಯಾಂಗ್ ತನ್ನದು ತಪ್ಪಾಯಿತು ಎಂದು ಸುದ್ದಿಸಂಸ್ಥೆಗೆ ಹೇಳಿಕೆ ಕೊಟ್ಟ. ಎಷ್ಟೋ ಲೇಖಕರಿಂದ ಬರೆಸಿದ್ದ ಆ ಪ್ರಕಾರದ ಬರಹವನ್ನು ತಾನೇ ಬರೆದ. ಮರುವರ್ಷ ಪಕ್ಷದ ಹಿರಿಯ ಸಿದ್ಧಾಂತಿ ಹು ಚಿಯಾವೊಮು ಪರಕೀಯತೆಯ ವಾದವನ್ನು ಖಂಡಿಸಿ ದೀರ್ಘ ಉಪನ್ಯಾಸ ಕೊಟ್ಟ. ಅಷ್ಟರೊಳಗೆ ಚೌ ಯಾಂಗ್ ಕುಗ್ಗಿಹೋಗಿದ್ದ, 1984ರಲ್ಲಿ ಆಸ್ಪತ್ರೆ ಸೇರಿದ.

ಆ ಡಿಸೆಂಬರಿನ ಕೊನೆಗೆ ಶುರುವಾದ ಲೇಖಕರ ಸಂಘದ ಅಧಿವೇಶನದಲ್ಲಿ ಅವನಿಗೆ ಕುಶಲ ಕೋರಿ ಒಂದು ಪತ್ರ ಬರೆದರು. ಮುನ್ನೂರಕ್ಕೂ ಹೆಚ್ಚು ಲೇಖಕರು ರುಜು ಹಾಕಿದರು. ಅವನು ಆಸ್ಪತ್ರೆಯಿಂದ ಮನೆಗೆ ಮರಳಲಿಲ್ಲ. 1989ರ ಜುಲೈ 31ರಂದು, ತಿಯಾನನ್‌ಮೆನ್ ಚೌಕದ ಗುಂಡಿನ ಸದ್ದು ಅಡಗಿ ಎಂಟು ವಾರಗಳಾಗಿದ್ದಾಗ, ತೀರಿಕೊಂಡ.